ಓದುಗರ ಪ್ರಶ್ನೆ, ನಮ್ಮ ಉತ್ತರ: ಹಕಮಾಡ ಮೊಕದ್ದಮೆಯ 58 ವರ್ಷಗಳು

ನಾಲ್ವರ ಕೊಲೆಯ ಆರೋಪದಲ್ಲಿ 1966ರಲ್ಲಿ ಬಂಧಿತರಾಗಿ ಮರಣದಂಡನೆಗೆ ಗುರಿಯಾಗಿದ್ದ ಜಪಾನಿನ ಇವಾವೊ ಹಕಮಾಡ ಅವರನ್ನು 2024ರ ಸೆಪ್ಟೆಂಬರ್ 26ರಂದು ಶಿಝುವೊಕಾ ಜಿಲ್ಲಾ ನ್ಯಾಯಾಲಯ ನಿರ್ದೋಷಿಯೆಂದು ಸಾರಿತು. ಆಗ ಅವರಿಗೆ 88 ವರ್ಷ. ಈ ಕುರಿತು ಹಿಂದೆ ಪ್ರಕಟವಾದ ನಮ್ಮ ಪುಟ್ಟ ಟಿಪ್ಪಣಿಯನ್ನು ಓದಿ ಹಲವರು ಪತ್ರ ಬರೆದಿರುವುದರಿಂದ, ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಯಾವ ಆಧಾರದ ಮೇಲೆ ಅವರಿಗೆ ಮರಣದಂಡನೆ ವಿಧಿಸಲಾಗಿತ್ತು? ಅವರೇ ತಪ್ಪೊಪ್ಪಿಕೊಂಡಿದ್ದರೆಂದು ಓದಿದ ನೆನಪು. ಮಾಡದ ಕೊಲೆಯನ್ನು ಯಾರಾದರೂ ಒಪ್ಪಿಕೊಳ್ಳುತ್ತಾರೆಯೇ?
(ನಿವೃತ್ತ ಶಿಕ್ಷಕರು, ಹಾಸನ)

ಉತ್ತರ: ಹಕಮಾಡ ಅವರು ಒಂದು ಕಾಲದಲ್ಲಿ ವೃತ್ತಿಪರ ಬಾಕ್ಸರ್ ಆಗಿದ್ದವರು. ಅಖಾಡ ಬಿಟ್ಟ ಮೇಲೆ ಶಿಝುವೊಕಾ ಪ್ರಾಂತ್ಯದ ಶಿಮಿಝು ಪಟ್ಟಣದಲ್ಲಿ, ಮಿಸೊ ಎಂಬ ಹುದುಗಿಸಿದ ಆಹಾರ ಪದಾರ್ಥದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. 1966ರ ಜೂನ್ 30ರ ನಸುಕಿನಲ್ಲಿ ಆ ಕಾರ್ಖಾನೆಯ ನಿರ್ದೇಶಕರೊಬ್ಬರ ಮನೆಗೆ ಬೆಂಕಿ ಬಿತ್ತು. ಬೆಂಕಿ ಆರಿಸಿದಾಗ ನಿರ್ದೇಶಕರು, ಅವರ ಪತ್ನಿ ಮತ್ತು ಇಬ್ಬರು ಮಕ್ಕಳು ಚೂರಿ ಇರಿತದ ಗಾಯಗಳೊಂದಿಗೆ ಶವವಾಗಿ ಸಿಕ್ಕರು. ಪೊಲೀಸರು ಆಗಸ್ಟ್ 18ರಂದು ಹಕಮಾಡ ಅವರನ್ನು ಬಂಧಿಸಿ, ದಿನಕ್ಕೆ ಸರಾಸರಿ 12 ಗಂಟೆಯಂತೆ ವಿಚಾರಣೆ ನಡೆಸಿದರು. ಶೌಚಕ್ಕೂ ಹೊರಗೆ ಬಿಡದೆ ವಿಚಾರಣಾ ಕೊಠಡಿಯೊಳಗೇ ಮೂತ್ರ ಮಾಡಿಸಿದ್ದು, ಹಲವು ದಶಕಗಳ ನಂತರ ಬೆಳಕಿಗೆ ಬಂದ ಧ್ವನಿಮುದ್ರಿಕೆಗಳಿಂದ ದೃಢಪಟ್ಟಿದೆ. ಇಪ್ಪತ್ತನೆಯ ದಿನ, ಸೆಪ್ಟೆಂಬರ್ 6ರಂದು, ಅವರು ತಪ್ಪೊಪ್ಪಿಕೊಂಡರು. ನ್ಯಾಯಾಲಯದ ಮುಂದೆ ನಿಂತ ಮೊದಲ ದಿನವೇ ಅದನ್ನು ಅಲ್ಲಗಳೆದರು. ಮಾಡದ ತಪ್ಪನ್ನು ಒಪ್ಪಿಕೊಳ್ಳುವುದು ಹೇಗೆಂಬ ತಮ್ಮ ಪ್ರಶ್ನೆಗೆ ಆ ಇಪ್ಪತ್ತು ದಿನಗಳಿಗಿಂತ ಬೇರೆ ಉತ್ತರ ಬೇಕಿಲ್ಲವೆಂದು ನಮಗನ್ನಿಸುತ್ತದೆ.

ಸ್ವತಃ ನ್ಯಾಯಾಲಯಕ್ಕೂ ಆ ತಪ್ಪೊಪ್ಪಿಗೆಯ ಮೇಲೆ ನಂಬಿಕೆ ಇರಲಿಲ್ಲ. ಒಟ್ಟು 45 ಹೇಳಿಕೆಗಳಲ್ಲಿ 44ನ್ನು ಅದು ತಳ್ಳಿಹಾಕಿ, ಪ್ರಾಸಿಕ್ಯೂಟರ್ ದಾಖಲಿಸಿಕೊಂಡಿದ್ದ ಒಂದನ್ನು ಮಾತ್ರ ಉಳಿಸಿಕೊಂಡಿತು. ಕೊಲೆ ಮಾಡುವಾಗ ತಾನು ಪೈಜಾಮ ತೊಟ್ಟಿದ್ದೆ ಎಂದು ಆ ಹೇಳಿಕೆಯಲ್ಲಿತ್ತು. ಆದರೆ 1968ರ ಸೆಪ್ಟೆಂಬರ್ 11ರ ತೀರ್ಪು ಮುಖ್ಯವಾಗಿ ನಿಂತದ್ದು ಪೈಜಾಮದ ಮೇಲಲ್ಲ, ಅದಕ್ಕೆ ಒಂದು ವರ್ಷ ಹಿಂದೆ ಮಿಸೊ ತೊಟ್ಟಿಯಲ್ಲಿ ಸಿಕ್ಕ ಬೇರೆಯೇ ಬಟ್ಟೆಗಳ ಮೇಲೆ.

ಪ್ರಶ್ನೆ: ಆ ಬಟ್ಟೆಗಳೇ ಅವರನ್ನು ಸಿಕ್ಕಿಸಿದವು, ಅವೇ ಬಿಡಿಸಿದವು ಎಂದು ನೀವು ಬರೆದಿದ್ದಿರಿ. ದಯವಿಟ್ಟು ಬಿಡಿಸಿ ಹೇಳಿ.
(ಓದುಗರು, ಶಿರಸಿ)

ಉತ್ತರ: ಮಿಸೊ ಎಂಬುದು ಸೋಯಾ ಕಾಳನ್ನು ಬೇಯಿಸಿ, ಉಪ್ಪು ಬೆರೆಸಿ, ತಿಂಗಳುಗಟ್ಟಲೆ ದೊಡ್ಡ ತೊಟ್ಟಿಗಳಲ್ಲಿ ಹುದುಗಿಸಿಟ್ಟು ತಯಾರಿಸುವ, ಕಂದು ಬಣ್ಣದ ಗಟ್ಟಿ ಪದಾರ್ಥ, ಜಪಾನಿನ ಮಿಸೊ ಸಾರು ಮಾಡುವುದು ಅದರಿಂದಲೇ. ಕೊಲೆ ನಡೆದ ಕೆಲವೇ ದಿನಗಳಲ್ಲಿ ಪೊಲೀಸರು ಕಾರ್ಖಾನೆಯನ್ನು ಶೋಧಿಸಿದ್ದರು, ಆಗ ಬಟ್ಟೆಗಳೇನೂ ಸಿಕ್ಕಿರಲಿಲ್ಲ. ವಿಚಾರಣೆ ಅರ್ಧ ಮುಗಿದಿದ್ದ 1967ರ ಆಗಸ್ಟ್ 31ರಂದು, ಅಂದರೆ ಕೊಲೆಯಾಗಿ ಒಂದು ವರ್ಷ ಎರಡು ತಿಂಗಳ ಮೇಲೆ, ತೊಟ್ಟಿಯೊಂದರಿಂದ ಮಿಸೊ ತೆಗೆಯುತ್ತಿದ್ದ ಕೆಲಸಗಾರರಿಗೆ ಸೆಣಬಿನ ಚೀಲವೊಂದು ಸಿಕ್ಕಿತು. ಅದರೊಳಗೆ ರಕ್ತದ ಕಲೆಗಳಿದ್ದ ಐದು ಬಟ್ಟೆಗಳಿದ್ದವು: ಒಂದು ಪ್ಯಾಂಟು, ಒಂದು ಬೂದು ಬಣ್ಣದ ಅಂಗಿ, ಒಂದು ಬಿಳಿ ಒಳಅಂಗಿ, ಎರಡು ಒಳಉಡುಪು. ಪ್ರಾಸಿಕ್ಯೂಷನ್ ಕೂಡಲೇ ಪೈಜಾಮದ ವಾದವನ್ನು ಕೈಬಿಟ್ಟು, ಕೊಲೆಗಾರ ತೊಟ್ಟಿದ್ದದ್ದು ಈ ಬಟ್ಟೆಗಳನ್ನು ಎಂದಿತು. ಬಳಿಕ ಹಕಮಾಡ ಅವರ ತಾಯಿಯ ಮನೆಯನ್ನು ಶೋಧಿಸಿದ ಪೊಲೀಸರಿಗೆ, ಆ ಪ್ಯಾಂಟಿನಿಂದ ಕತ್ತರಿಸಿದ್ದೆನ್ನಲಾದ ಬಟ್ಟೆಯ ತುಂಡೂ ಸಿಕ್ಕಿತು.

ಮೇಲ್ಮನವಿಯ ಹಂತದಲ್ಲಿ ಟೋಕಿಯೊ ಹೈಕೋರ್ಟ್ ಆ ಪ್ಯಾಂಟನ್ನು ಆರೋಪಿಗೆ ತೊಡಿಸಿ ನೋಡಿತು. ಒಮ್ಮೆಯಲ್ಲ, ಮೂರು ಸಲ. ಮೂರು ಸಲವೂ ಅದು ತೊಡೆಯಿಂದ ಮೇಲೆ ಏರಲಿಲ್ಲ. ಜೈಲಿನಲ್ಲಿ ಆತ ದಪ್ಪಗಾಗಿದ್ದಾನೆ, ಮಿಸೊದಲ್ಲಿ ನೆನೆದ ಬಟ್ಟೆ ಒಣಗಿ ಕುಗ್ಗಿದೆ ಎಂಬ ಸಮಜಾಯಿಷಿಯ ಜೊತೆಗೆ, ಪ್ಯಾಂಟಿನ ಪಟ್ಟಿಯ ಮೇಲಿದ್ದ ‘ಬಿ’ ಅಕ್ಷರ ದೊಡ್ಡ ಅಳತೆಯನ್ನು ಸೂಚಿಸುತ್ತದೆಂಬ ವಾದವೂ ಬಂತು. ‘ಬಿ’ ಎಂಬುದು ಅಳತೆಯಲ್ಲ, ಬಣ್ಣದ ಗುರುತು ಎಂದು ತಯಾರಕರು ಪೊಲೀಸರಿಗೆ ತಿಳಿಸಿದ್ದ ದಾಖಲೆ ಪ್ರಾಸಿಕ್ಯೂಷನ್ನಿನ ಕಪಾಟಿನಲ್ಲೇ ಇತ್ತು. ಅದು ಹೊರಬರಲು ಸುಮಾರು 40 ವರ್ಷ ಹಿಡಿಯಿತು.

ಕೊನೆಗೆ ಪ್ರಕರಣವನ್ನು ತಿರುಗಿಸಿದ್ದು ಬಣ್ಣವೇ, ಆದರೆ ಪ್ಯಾಂಟಿನದಲ್ಲ, ರಕ್ತದ್ದು. ಬಟ್ಟೆ ಸಿಕ್ಕಾಗಿನ ದಾಖಲೆಗಳಲ್ಲಿ ಕಲೆಗಳು ಕೆಂಪಗಿದ್ದವೆಂದು ಬರೆಯಲಾಗಿತ್ತು. ಉಪ್ಪಿನಕಾಯಿ ಭರಣಿಯಲ್ಲಿ ವರ್ಷ ಕಳೆದ ಯಾವ ವಸ್ತುವೂ ಮೊದಲಿನ ಬಣ್ಣ ಉಳಿಸಿಕೊಳ್ಳುವುದಿಲ್ಲವೆಂದು ನಮ್ಮ ಯಾವ ಮನೆಯಲ್ಲಿ ಕೇಳಿದರೂ ಹೇಳಿಯಾರು. ಹಕಮಾಡ ಅವರ ಬೆಂಬಲಿಗರು ರಕ್ತ ಹಚ್ಚಿದ ಬಟ್ಟೆಗಳನ್ನು ಮಿಸೊದಲ್ಲಿ ಹೂತಿಟ್ಟು ಪರೀಕ್ಷಿಸಿದಾಗ ಕಲೆಗಳು ಕಪ್ಪಗಾದವು. ಮಿಸೊದ ಉಪ್ಪು ಮತ್ತು ಆಮ್ಲೀಯ ಗುಣಗಳಿಂದ ರಕ್ತದ ಹಿಮೋಗ್ಲೋಬಿನ್ ಮಾರ್ಪಾಡಾಗಿ, ವರ್ಷದ ಮೇಲೆ ಕೆಂಪು ಉಳಿಯಲು ಸಾಧ್ಯವಿಲ್ಲವೆಂದು ತಜ್ಞರೂ ಸಾಕ್ಷ್ಯ ನುಡಿದರು. ಹಾಗಿದ್ದರೆ ಬಟ್ಟೆಗಳು ತೊಟ್ಟಿಗೆ ಬಿದ್ದದ್ದು ಅವು ‘ಸಿಗುವ’ ಸ್ವಲ್ಪ ಮೊದಲು. ಆಗ ಹಕಮಾಡ ಕಂಬಿಗಳ ಹಿಂದಿದ್ದರು. ತನಿಖಾಧಿಕಾರಿಗಳೇ ಬಟ್ಟೆಗಳಿಗೆ ರಕ್ತ ಹಚ್ಚಿ ತೊಟ್ಟಿಯಲ್ಲಿ ಅಡಗಿಸಿದ್ದರು, ಪ್ಯಾಂಟಿನ ತುಂಡೂ ಸೃಷ್ಟಿಸಿದ್ದೇ, ಅಮಾನುಷ ವಿಚಾರಣೆಯಿಂದ ಹೊರಡಿಸಿದ ತಪ್ಪೊಪ್ಪಿಗೆಯೂ ಸೃಷ್ಟಿಗೆ ಸಮವೇ ಎಂದು 2024ರ ತೀರ್ಪು ಮೂರನ್ನೂ ಹೆಸರಿಸಿ ಹೇಳಿದೆ.

ಪ್ರಶ್ನೆ: 1980ರಲ್ಲೇ ಜಪಾನಿನ ಸುಪ್ರೀಂ ಕೋರ್ಟ್ ಮರಣದಂಡನೆಯನ್ನು ಎತ್ತಿಹಿಡಿದ ಮೇಲೆ ಮೊಕದ್ದಮೆ ಮತ್ತೆ ತೆರೆದುಕೊಂಡದ್ದು ಹೇಗೆ? ಅಷ್ಟು ವರ್ಷ ಏಕೆ ಬೇಕಾಯಿತು?
(ಕಾನೂನು ವಿದ್ಯಾರ್ಥಿನಿ, ಕಲಬುರಗಿ)

ಉತ್ತರ: ಜಪಾನಿನ ದಂಡ ಪ್ರಕ್ರಿಯಾ ಕಾನೂನಿನಲ್ಲಿ ಮರುವಿಚಾರಣೆಗೆ ಅವಕಾಶವಿದೆ. ಅಂತಿಮ ತೀರ್ಪು ಬಂದ ಮೇಲೂ, ಶಿಕ್ಷಿತನನ್ನು ನಿರ್ದೋಷಿಯೆಂದು ಸಾರಬೇಕಾದಷ್ಟು ಸ್ಪಷ್ಟವಾದ ಸಾಕ್ಷ್ಯ ಹೊಸದಾಗಿ ದೊರೆತರೆ, ಮೂಲ ತೀರ್ಪು ನೀಡಿದ ನ್ಯಾಯಾಲಯಕ್ಕೇ ಅರ್ಜಿ ಹಾಕಬಹುದು. ಸಂಶಯದ ಲಾಭ ಆರೋಪಿಗೆ ಎಂಬ ತತ್ವ ಈ ಹಂತಕ್ಕೂ ಅನ್ವಯಿಸುತ್ತದೆಂದು 1975ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬಾಗಿಲು ತುಸು ಸಡಿಲವಾಯಿತು. 1980ರ ದಶಕದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ನಾಲ್ವರು ಈ ದಾರಿಯಲ್ಲಿ ಬಿಡುಗಡೆಯಾದರು. ಹಕಮಾಡ ಐದನೆಯವರು.

ವರ್ಷಗಳು ಎಲ್ಲಿ ಕಳೆದವೆಂಬುದನ್ನು ಲೆಕ್ಕ ಹಾಕಿದರೆ ತಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ. ಮೊದಲ ಅರ್ಜಿ 1981ರಲ್ಲಿ ದಾಖಲಾಗಿ, ಮೂರೂ ಹಂತಗಳಲ್ಲಿ ತಿರಸ್ಕೃತವಾಗಿ, 2008ರಲ್ಲಿ ಮುಗಿಯಿತು. ಅದೇ ವರ್ಷ ಅಕ್ಕ ಹಿದೇಕೊ ಎರಡನೆಯ ಅರ್ಜಿ ಹಾಕಿದರು. 2014ರ ಮಾರ್ಚ್ 27ರಂದು ಶಿಝುವೊಕಾ ನ್ಯಾಯಾಲಯ ಮರುವಿಚಾರಣೆಗೆ ಆದೇಶಿಸಿ, ಇನ್ನು ಒಂದು ದಿನವೂ ಅವರನ್ನು ಸೆರೆಯಲ್ಲಿಡುವುದು ನ್ಯಾಯಕ್ಕೆ ಸಹಿಸಲಾಗದ ವಿರೋಧವೆಂಬ ಅರ್ಥದ ಮಾತು ಬರೆದು, ಅಂದೇ ಬಿಡುಗಡೆ ಮಾಡಿತು. ಆದರೆ ಪ್ರಾಸಿಕ್ಯೂಟರುಗಳು ಆ ಆದೇಶದ ವಿರುದ್ಧ ಮೇಲ್ಮನವಿ ಹೋದರು. 2018ರಲ್ಲಿ ಟೋಕಿಯೊ ಹೈಕೋರ್ಟ್ ಅದನ್ನು ರದ್ದುಪಡಿಸಿತು, 2020ರಲ್ಲಿ ಸುಪ್ರೀಂ ಕೋರ್ಟ್ ರಕ್ತದ ಬಣ್ಣವನ್ನು ಮತ್ತೆ ಪರಿಶೀಲಿಸಿ ಎಂದು ಹಿಂದಕ್ಕೆ ಕಳಿಸಿತು, 2023ರ ಮಾರ್ಚಿನಲ್ಲಿ ಹೈಕೋರ್ಟ್ ಒಪ್ಪಿತು. ಆಮೇಲೆ ನಡೆದ ನಿಜವಾದ ಮರುವಿಚಾರಣೆ ಆರಂಭದಿಂದ ತೀರ್ಪಿನವರೆಗೆ 11 ತಿಂಗಳಲ್ಲಿ ಮುಗಿಯಿತು. ಅಂದರೆ ವಿಚಾರಣೆಗಲ್ಲ, ವಿಚಾರಣೆ ನಡೆಸಬೇಕೇ ಬೇಡವೇ ಎಂಬ ಚರ್ಚೆಗೆ ಸುಮಾರು 42 ವರ್ಷ ಹಿಡಿಯಿತು.

ಉಳಿದರ್ಧ ಉತ್ತರ ದಾಖಲೆಗಳ ಕೋಣೆಯಲ್ಲಿದೆ. ತನ್ನ ಬಳಿಯಿರುವ ಎಲ್ಲ ಸಾಕ್ಷ್ಯಗಳನ್ನು ಮರುವಿಚಾರಣೆಯ ಅರ್ಜಿದಾರನಿಗೆ ತೋರಿಸಲೇಬೇಕೆಂದು ಪ್ರಾಸಿಕ್ಯೂಷನ್ನನ್ನು ಕಟ್ಟಿಹಾಕುವ ನಿಯಮ ಆ ಕಾನೂನಿನಲ್ಲಿರಲಿಲ್ಲ. ಎರಡನೆಯ ಅರ್ಜಿಯ ಕಾಲದಲ್ಲಿ ನ್ಯಾಯಾಲಯ ಒತ್ತಾಯಿಸಿದ ಮೇಲೆ ಸುಮಾರು 600 ಸಾಕ್ಷ್ಯಗಳು ಹೊರಬಂದವು. ಬಟ್ಟೆಗಳ ಬಣ್ಣದ ಛಾಯಾಚಿತ್ರಗಳೂ ಅವುಗಳಲ್ಲಿದ್ದವು. ‘ಹೊಸ ಸಾಕ್ಷ್ಯ’ ಎಂದು ಕಾನೂನು ಕೇಳುತ್ತಿದ್ದುದರಲ್ಲಿ ಬಹುಪಾಲು ಹಳೆಯದೇ ಆಗಿತ್ತು, ಎದುರು ಪಕ್ಷದ ಬೀಗದ ಕೆಳಗಿತ್ತು. ನಮ್ಮ ಅಭಿಪ್ರಾಯದಲ್ಲಿ ಇಡೀ ಪ್ರಕರಣದಲ್ಲಿ ಬಟ್ಟೆಗಳಿಗಿಂತಲೂ ಗಂಭೀರವಾದ ಸಂಗತಿ ಇದು. ಏಕೆಂದರೆ ಸುಳ್ಳು ಸಾಕ್ಷ್ಯವನ್ನು ಕೆಲವರು ಸೃಷ್ಟಿಸಿರಬಹುದು, ಅದು ಬಯಲಾಗದಂತೆ ಕಾದದ್ದು ಮಾತ್ರ ಕಾನೂನಿನ ರಚನೆಯೇ. ಮರುವಿಚಾರಣೆಯ ಆದೇಶದ ವಿರುದ್ಧ ಪ್ರಾಸಿಕ್ಯೂಷನ್ ಮೇಲ್ಮನವಿ ಹೋಗಬಹುದಾಗಿದ್ದುದು, ಸಾಕ್ಷ್ಯ ತೋರಿಸಲೇಬೇಕೆಂಬ ನಿಯಮವಿಲ್ಲದ್ದು, ಈ ಎರಡೂ ಲೋಪಗಳು ಚರ್ಚೆಗೆ ಬಂದು, 2025ರಲ್ಲಿ ಅಲ್ಲಿನ ನ್ಯಾಯ ಸಚಿವರು ಮರುವಿಚಾರಣೆಯ ನಿಯಮಗಳ ತಿದ್ದುಪಡಿಯ ವಿಚಾರವನ್ನು ಕಾನೂನು ಸಲಹಾ ಮಂಡಳಿಗೆ ಒಪ್ಪಿಸಿದರು.

ಪ್ರಶ್ನೆ: ಶಿಕ್ಷೆ ವಿಧಿಸಿದ ನ್ಯಾಯಾಧೀಶರೇ ಅವರನ್ನು ನಿರ್ದೋಷಿ ಎಂದು ನಂಬಿದ್ದರಂತೆ, ನಿಜವೇ?
(ಓದುಗರು, ಮಂಗಳೂರು)

ಉತ್ತರ: ನಿಜ. 1968ರ ಪೀಠದಲ್ಲಿದ್ದ ಮೂವರಲ್ಲಿ ಕಿರಿಯರಾದ ನೊರಿಮಿಚಿ ಕುಮಾಮೊತೊ ಅವರು, ತಾವು ಬಿಡುಗಡೆಯ ಪರವಾಗಿದ್ದರೂ ಹಿರಿಯರಿಬ್ಬರ ಬಹುಮತಕ್ಕೆ ತಲೆಬಾಗಿ ಮರಣದಂಡನೆಯ ತೀರ್ಪನ್ನು ಬರೆಯಬೇಕಾಯಿತೆಂದು 2007ರಲ್ಲಿ ಬಹಿರಂಗವಾಗಿ ಹೇಳಿದರು. ತೀರ್ಪು ಬಂದ ಮರುವರ್ಷವೇ ಅವರು ನ್ಯಾಯಾಧೀಶರ ಹುದ್ದೆಗೆ ರಾಜೀನಾಮೆ ಕೊಟ್ಟಿದ್ದರು. ಪೀಠದೊಳಗಿನ ಸಮಾಲೋಚನೆಯನ್ನು ಹೊರಗೆಡಹುವುದು ಜಪಾನಿನಲ್ಲಿ ನಿಷಿದ್ಧ. ಹಾಗಾಗಿ ಅವರ ಮಾತಿಗೆ ಕಾನೂನಿನ ದೃಷ್ಟಿಯಲ್ಲಿ ಬೆಲೆ ಬರಲಿಲ್ಲ. ಅದಾದ ಮರುವರ್ಷ, 2008ರ ಮಾರ್ಚಿನಲ್ಲಿ, ಮೊದಲ ಅರ್ಜಿಯನ್ನು ಸುಪ್ರೀಂ ಕೋರ್ಟ್ ವಜಾ ಮಾಡಿತು. ಕುಮಾಮೊತೊ 2020ರಲ್ಲಿ ತೀರಿಕೊಂಡರು.

ಪ್ರಶ್ನೆ: ಇಂಥ ಪ್ರಕರಣ ನಮ್ಮ ದೇಶದಲ್ಲಿ ನಡೆದಿದ್ದರೆ ಕಾನೂನಿನಲ್ಲಿ ಏನು ದಾರಿಯಿತ್ತು?
(ವಕೀಲರು, ದಾವಣಗೆರೆ)

ಉತ್ತರ: ಪೊಲೀಸರ ಮುಂದಿನ ತಪ್ಪೊಪ್ಪಿಗೆ ನಮ್ಮಲ್ಲಿ ಸಾಕ್ಷ್ಯವೇ ಅಲ್ಲ, ಹಳೆಯ ಸಾಕ್ಷ್ಯ ಕಾಯ್ದೆಯ 25ನೆಯ ಕಲಮಿನಲ್ಲಿದ್ದ ಈ ನಿಯಮ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮಿನಲ್ಲಿದೆ. ಆದರೆ ಆರೋಪಿಯ ಮಾಹಿತಿಯ ಮೇರೆಗೆ ‘ವಶಪಡಿಸಿಕೊಂಡ’ ವಸ್ತುವಿಗೆ ಸಂಬಂಧಿಸಿದ ಮಾತನ್ನು ಅಷ್ಟರ ಮಟ್ಟಿಗೆ ಒಪ್ಪುವ ವಿನಾಯಿತಿಯೂ ಅಲ್ಲೇ ಇದೆ. ತಮ್ಮಂಥ ವಕೀಲರಿಗೆ ಪಂಚನಾಮೆಗಳ ಗತಿ ತಿಳಿಯದ್ದೇನಲ್ಲ. ಇನ್ನು ಭಯೋತ್ಪಾದನೆ ತಡೆಗೆಂದು ತಂದಿದ್ದ ಟಾಡಾದಂಥ ವಿಶೇಷ ಕಾಯ್ದೆಯಲ್ಲಿ ಎಸ್‌ಪಿ ದರ್ಜೆಯ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆಗೂ ಮಾನ್ಯತೆ ಇತ್ತು. ಆ ಕಾಯ್ದೆಯಡಿ 1994ರಲ್ಲಿ ಬಂಧಿತರಾಗಿ ಜೀವಾವಧಿ ಶಿಕ್ಷೆಗೊಳಗಾದ ಕಲಬುರಗಿಯ ಫಾರ್ಮಸಿ ವಿದ್ಯಾರ್ಥಿಯೊಬ್ಬರನ್ನು ಸುಪ್ರೀಂ ಕೋರ್ಟ್ ದೋಷಮುಕ್ತಗೊಳಿಸಿದ್ದು 2016ರ ಮೇ ತಿಂಗಳಲ್ಲಿ.

ಜಪಾನಿನ ಮಾದರಿಯ ಮರುವಿಚಾರಣೆಯ ಅರ್ಜಿ ನಮ್ಮಲ್ಲಿಲ್ಲ. ಸುಪ್ರೀಂ ಕೋರ್ಟಿನ ಅಂತಿಮ ತೀರ್ಪಿನ ಮೇಲೆ ಪುನರ್‌ಪರಿಶೀಲನಾ ಅರ್ಜಿ, ಅದೂ ತಿರಸ್ಕೃತವಾದರೆ 2002ರ ರೂಪಾ ಅಶೋಕ್ ಹುರ್ರಾ ತೀರ್ಪಿನಿಂದ ಹುಟ್ಟಿದ ಕ್ಯುರೇಟಿವ್ ಅರ್ಜಿ, ಇವೆರಡೇ ದಾರಿ. ಎರಡೂ ಅತಿ ಕಿರಿದು, ಆದರೆ ಮುಚ್ಚಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟ್ ಮರಣದಂಡನೆ ವಿಧಿಸಿದ್ದ ಮಹಾರಾಷ್ಟ್ರದ ಆರು ಮಂದಿಯನ್ನು ಅದೇ ನ್ಯಾಯಾಲಯ ತನ್ನ ತೀರ್ಪನ್ನು ಹಿಂಪಡೆದು 2019ರ ಮಾರ್ಚಿನಲ್ಲಿ ಬಿಡುಗಡೆ ಮಾಡಿತು. ನೋಯ್ಡಾದ ನಿಠಾರಿ ಸರಣಿ ಕೊಲೆ ಪ್ರಕರಣದ ಸುರೇಂದ್ರ ಕೋಲಿ 12 ಮೊಕದ್ದಮೆಗಳಲ್ಲಿ ಖುಲಾಸೆಯಾದರೂ, 2011ರಲ್ಲೇ ಖಾಯಂ ಆಗಿದ್ದ ಒಂದು ಶಿಕ್ಷೆ ಉಳಿದಿತ್ತು. ಉಳಿದವುಗಳಲ್ಲಿ ನಂಬಲರ್ಹವಲ್ಲವೆಂದು ಬಿಟ್ಟ ಅದೇ ಬಗೆಯ ಸಾಕ್ಷ್ಯದ ಮೇಲೆ ಇದೊಂದು ಶಿಕ್ಷೆ ನಿಲ್ಲಲಾರದೆಂದು 2025ರ ನವೆಂಬರ್ 11ರಂದು ಕ್ಯುರೇಟಿವ್ ಅರ್ಜಿಯನ್ನು ಪುರಸ್ಕರಿಸಲಾಯಿತು. ಸಾಕ್ಷ್ಯ ತೋರಿಸುವ ವಿಷಯದಲ್ಲಿ ಮಾತ್ರ ನಾವು ಒಂದು ಹೆಜ್ಜೆ ಮುಂದಿಟ್ಟಿದ್ದೇವೆ: ಪ್ರಾಸಿಕ್ಯೂಷನ್ ತಾನು ಆಧರಿಸದ ದಾಖಲೆ, ವಸ್ತುಗಳ ಪಟ್ಟಿಯನ್ನೂ ಆರೋಪಿಗೆ ಕೊಡಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿದೆ. ಅದು ಎಲ್ಲ ವಿಚಾರಣಾ ನ್ಯಾಯಾಲಯಗಳಲ್ಲಿ ಪಾಲನೆಯಾಗುತ್ತಿದೆಯೇ ಎಂಬುದನ್ನು ದಾವಣಗೆರೆಯ ವಕೀಲರೇ ನಮಗೆ ಬರೆದು ತಿಳಿಸಬೇಕು.

ಪ್ರಶ್ನೆ: ಅವರಿಗೆ ಪರಿಹಾರ ಸಿಕ್ಕಿತೇ? ಈಗ ಹೇಗಿದ್ದಾರೆ?
(ಗೃಹಿಣಿ, ಮೈಸೂರು)

ಉತ್ತರ: 2025ರ ಮಾರ್ಚಿನಲ್ಲಿ ಸುಮಾರು 21.7 ಕೋಟಿ ಯೆನ್ ಪರಿಹಾರ ಮಂಜೂರಾಯಿತು. ನಮ್ಮ ಹಣದಲ್ಲಿ ಅಂದಾಜು 12 ಕೋಟಿ ರೂಪಾಯಿ. ಕಾನೂನು ಅನುಮತಿಸುವ ಗರಿಷ್ಠ ದರವಾದ ದಿನಕ್ಕೆ 12,500 ಯೆನ್‌ನಂತೆ, 47 ವರ್ಷಗಳಿಗೂ ಮೀರಿದ ಸೆರೆವಾಸಕ್ಕೆ ಕಟ್ಟಿದ ಲೆಕ್ಕ ಅದು. (ಮೇಲೆ ಹೇಳಿದ ಮಹಾರಾಷ್ಟ್ರದ ಆರು ಮಂದಿಗೆ ತಲಾ 5 ಲಕ್ಷ ರೂಪಾಯಿ ಕೊಡಿಸಲಾಯಿತು. ತಪ್ಪು ಮೊಕದ್ದಮೆಗಳಿಗೆ ಪರಿಹಾರದ ಕಾನೂನು ಬೇಕೆಂದು ಕಾನೂನು ಆಯೋಗ 2018ರ ತನ್ನ 277ನೆಯ ವರದಿಯಲ್ಲಿ ಶಿಫಾರಸು ಮಾಡಿದೆ.)

ಅವರ ಆರೋಗ್ಯದ ಬಗ್ಗೆ ಹೇಳುವುದು ಕಷ್ಟದ ಮಾತು. ಗಲ್ಲಿಗೇರಿಸುವ ಸುದ್ದಿಯನ್ನು ಜಪಾನಿನಲ್ಲಿ ಕೈದಿಗೆ ಅದೇ ದಿನ ಬೆಳಿಗ್ಗೆ ತಿಳಿಸುತ್ತಾರೆ. ಆದ್ದರಿಂದ 1980ರ ನಂತರ ಅವರು ಒಂಟಿ ಕೋಣೆಯಲ್ಲಿ ಕಳೆದ ಪ್ರತಿ ಬೆಳಗೂ ಕೊನೆಯದಾಗಬಹುದಿತ್ತು. ಅವರ ಮನಸ್ಸು ಕದಡಿತು, ಎಷ್ಟೋ ಕಾಲ ಭೇಟಿಗೆ ಬಂದ ಅಕ್ಕನನ್ನೂ ನೋಡಲು ಒಪ್ಪುತ್ತಿರಲಿಲ್ಲ. ನೋಡಲು ಸಿಗದಿದ್ದರೂ ಹಿದೇಕೊ ಜೈಲಿಗೆ ಹೋಗುವುದನ್ನು ಬಿಡಲಿಲ್ಲ. ಅವರು ಮದುವೆಯಾಗಲಿಲ್ಲ, ಲೆಕ್ಕಪತ್ರದ ಕೆಲಸ ಮಾಡಿಕೊಂಡು ತಮ್ಮನ ಮೊಕದ್ದಮೆಯನ್ನು ಮುನ್ನಡೆಸಿದರು. ಮರುವಿಚಾರಣೆಗೆ ಹಾಜರಾಗುವ ಸ್ಥಿತಿಯಲ್ಲಿ ಹಕಮಾಡ ಇಲ್ಲದ್ದರಿಂದ, ಅವರ ಪರವಾಗಿ ನ್ಯಾಯಾಲಯದಲ್ಲಿ ಕುಳಿತು ತೀರ್ಪು ಕೇಳಿದವರೂ 91 ವರ್ಷದ ಈ ಅಕ್ಕನೇ. ತೀರ್ಪು ಓದಿದ ನ್ಯಾಯಾಧೀಶರು, ಇಷ್ಟು ದೀರ್ಘ ಕಾಲ ಹಿಡಿದದ್ದಕ್ಕಾಗಿ ಅವರಲ್ಲಿ ಕ್ಷಮೆ ಕೋರಿದರು. ಪ್ರಾಂತ್ಯದ ಪೊಲೀಸ್ ಮುಖ್ಯಸ್ಥರು ಮುಂದಿನ ತಿಂಗಳು ಮನೆಗೇ ಬಂದು ತಲೆಬಾಗಿದರು. ಪ್ರಾಸಿಕ್ಯೂಟರ್ ಜನರಲ್ ಮಾತ್ರ, ಮೇಲ್ಮನವಿ ಹೋಗುವುದಿಲ್ಲವೆಂದು ಪ್ರಕಟಿಸಿದ ಹೇಳಿಕೆಯಲ್ಲೇ, ಸಾಕ್ಷ್ಯ ಸೃಷ್ಟಿಸಲಾಗಿತ್ತೆಂಬ ತೀರ್ಪಿನ ಮಾತನ್ನು ತಾವು ಒಪ್ಪುವುದಿಲ್ಲವೆಂದೂ ಬರೆದರು.