ಧೂಳು ಮೆತ್ತಿದ ಚಪ್ಪಲಿಯಲ್ಲಿ ಇಂಟರ್‌ವ್ಯೂಗೆ ಹೋದವರಿಗೆ

ಈ ವಾರಕ್ಕೆ ಬೇರೆ ಪತ್ರಕ್ಕೆ ಉತ್ತರ ಬರೆದಿಟ್ಟಿದ್ದೆ. ಅದನ್ನು ಪಕ್ಕಕ್ಕೆ ಸರಿಸಿ ಇದಕ್ಕೆ ಕೂತಿದ್ದೇನೆ. ಕಾರಣ ಸಿಟ್ಟು. ಪತ್ರ ಬರೆದ ಹುಡುಗಿಯ ಮೇಲಲ್ಲ, ಅವರ ಮಾವನ ಮೇಲೆ.

ನಿಮಗೆ 25 ವರ್ಷ. ದಾವಣಗೆರೆಯವರು, ಎಂಬಿಎ ಮುಗಿಸಿದ್ದೀರಿ. ಎರಡೂವರೆ ವರ್ಷದಿಂದ ಬೆಂಗಳೂರಿನ ಒಂದು ಡಿಜಿಟಲ್ ಏಜೆನ್ಸಿಯಲ್ಲಿದ್ದೀರಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗೆ ಜಾಹೀರಾತು ಹಾಕುವುದು, ಎಷ್ಟು ಜನ ನೋಡಿದರು, ಎಷ್ಟು ಜನ ಕ್ಲಿಕ್ ಮಾಡಿದರು ಎಂದು ತಿಂಗಳ ಕೊನೆಗೆ ರಿಪೋರ್ಟ್ ಕಳಿಸುವುದು. ಈಗ ಹುಬ್ಬಳ್ಳಿಯ ಒಂದು ಮಸಾಲೆಪುಡಿ ಕಂಪನಿ ಕರೆದಿದೆ. ಸಂಬಳ ಹೆಚ್ಚುಕಮ್ಮಿ ಈಗಿನಷ್ಟೇ. ಮೊದಲ ಆರು ತಿಂಗಳು ಸೇಲ್ಸ್‌ನವರ ಜೊತೆ ಧಾರವಾಡ, ಗದಗ, ಹಾವೇರಿ ಸುತ್ತಬೇಕು. ಆಮೇಲೆ ಬ್ರ್ಯಾಂಡ್ ನೋಡಿಕೊಳ್ಳುವ ಕೆಲಸ. ರೂಮ್‌ಮೇಟ್ ‘ಹಿಂದಕ್ಕೆ ಹೋಗ್ತಿದ್ದೀಯ’ ಅಂತಾಳೆ. ಗಂಡಿನ ಕಡೆಯವರಿಗೆ ಏನು ಹೇಳೋದು ಅನ್ನೋದು ಅಮ್ಮನ ಚಿಂತೆ. ಐಟಿಯಲ್ಲಿರುವ ಸೋದರಮಾವ ಮಾತ್ರ ಎಲ್ಲರ ಮುಂದೆ ‘ಎಂಬಿಎ ಮಾಡಿಸಿದ್ದು ಅಂಗಡಿ ಅಂಗಡಿ ಅಲೆಯೋಕಾ?’ ಎಂದು ಕೇಳಿಬಿಟ್ಟರು.

ಇದನ್ನೆಲ್ಲ ಎರಡು ಪುಟ ಬರೆದಿದ್ದೀರಿ. ನಡುವೆ ಎಲ್ಲೋ ಹೀಗೊಂದು ಮಾತು ಬರುತ್ತದೆ: ‘ಇಂಟರ್‌ವ್ಯೂ 11 ಗಂಟೆಗಿತ್ತು. ಬಸ್ಸು ಬೇಗ ತಲುಪಿತು. ಸುಮ್ನೆ ದುರ್ಗದ ಬೈಲ್ ಸುತ್ತಮುತ್ತ ಆರೇಳು ಕಿರಾಣಿ ಅಂಗಡಿ ನೋಡಿಕೊಂಡು ಹೋದೆ. ಚಪ್ಪಲಿಯೆಲ್ಲ ಧೂಳಾಗಿ ಮುಜುಗರವಾಯ್ತು.’ ಆ ಕಂಪನಿಯ ಸಾರಿನ ಪುಡಿ ಎರಡು ಅಂಗಡಿಯಲ್ಲಿ ಹಿಂದಿನ ಸಾಲಿನಲ್ಲಿ ಕಾಣದ ಹಾಗೆ ಇತ್ತಂತೆ. ಒಬ್ಬ ಅಂಗಡಿಯವರು, 10 ರೂಪಾಯಿ ಪ್ಯಾಕೆಟ್ ಖಾಲಿಯಾಗಿ ಎರಡು ವಾರ ಆಯ್ತು, ಸೇಲ್ಸ್ ಹುಡುಗ ಈ ಕಡೆ ತಲೆ ಹಾಕಿಲ್ಲ ಎಂದರಂತೆ. ನೀವು ಅದನ್ನು ಇಂಟರ್‌ವ್ಯೂನಲ್ಲಿ ಹೇಳಿಯೂ ಬಿಟ್ಟಿರಿ.

ಸುಮ್ನೆ ಅಂತೀರಲ್ಲ! ರಾತ್ರಿಯೆಲ್ಲ ಬಸ್ಸಿನಲ್ಲಿ ನಿದ್ದೆಗೆಟ್ಟವರು ಸುಮ್ನೆ ಹೋಗುವುದು ಚಹಾ ಅಂಗಡಿಗೆ. ನೀವು ಹೋಗಿದ್ದು ಕಿರಾಣಿ ಅಂಗಡಿಗೆ. ಯಾರೂ ಹೇಳಿರಲಿಲ್ಲ, ಸಂಬಳವೂ ಇರಲಿಲ್ಲ. ಇಡೀ ಪತ್ರದಲ್ಲಿ ನಿಮ್ಮ ಬಗ್ಗೆ ನನಗೆ ನಿಜವಾಗಿ ಏನಾದರೂ ತಿಳಿದಿದ್ದರೆ ಅದು ಅಲ್ಲೇ. ನೀವು ನೋಡಿದರೆ ಚಪ್ಪಲಿಗೆ ನಾಚಿಕೊಂಡಿದ್ದೀರಿ.

ಈಗ ಮಾವನ ವಿಷಯ. ಹಿಂದೂಸ್ತಾನ್ ಲಿವರ್ ಎಂಬ ಕಂಪನಿ, ಈಗಿನ ಹಿಂದೂಸ್ತಾನ್ ಯೂನಿಲಿವರ್, ಅವರ ಬಚ್ಚಲಲ್ಲೂ ಇದ್ದೇ ಇರುತ್ತದೆ. 1970ರ ದಶಕದಲ್ಲೇ ಅದು ತನ್ನ ಮ್ಯಾನೇಜ್‌ಮೆಂಟ್ ಟ್ರೈನಿಗಳನ್ನು ಉತ್ತರ ಪ್ರದೇಶದ ಎಟಾ ಜಿಲ್ಲೆಯ ಹಳ್ಳಿಗಳಿಗೆ ಕಳಿಸುತ್ತಿತ್ತು. ದೊಡ್ಡ ದೊಡ್ಡ ಕಾಲೇಜಿನಲ್ಲಿ ಓದಿ ಬಂದವರು ವಾರಗಟ್ಟಲೆ ಹಳ್ಳಿಯಲ್ಲೇ ಇರಬೇಕಿತ್ತು. ಇನ್ನು ಚಿಕ್ ಶಾಂಪೂ. ಕಡಲೂರಿನಲ್ಲಿ ಸಿ.ಕೆ. ರಂಗನಾಥನ್ 1983ರಲ್ಲಿ 15,000 ರೂಪಾಯಿ ಹಾಕಿ ಶುರು ಮಾಡಿದ್ದು. ಅವರ ಜನ ತಮಿಳುನಾಡಿನ ಹಳ್ಳಿಗಳಲ್ಲಿ ಹುಡುಗರನ್ನು ಕೂರಿಸಿ, ಎಲ್ಲರೆದುರು ತಲೆಗೆ ಶಾಂಪೂ ಹಚ್ಚಿ ತೊಳೆದು ತೋರಿಸುತ್ತಿದ್ದರು. ಖಾಲಿ ಸ್ಯಾಶೆ ಐದು ತಂದುಕೊಟ್ಟರೆ ಒಂದು ಫ್ರೀ. ಅಂಗಡಿ ಅಂಗಡಿ ಅಲೆಯದೆ ಇಂಥದ್ದು ಹೊಳೆಯುತ್ತದಾ, ಮಾವನನ್ನೇ ಕೇಳಿ.

ನನ್ನದೂ ಒಂದು ಕತೆ ಇದೆ. 1990ರ ದಶಕದಲ್ಲಿ ನಾನು ಒಂದು ಚಹಾಪುಡಿ ಕಂಪನಿಯಲ್ಲಿ ಜಾಹೀರಾತು ನೋಡಿಕೊಳ್ಳುತ್ತಿದ್ದೆ. ಪ್ಯಾಕೆಟ್ಟು ಹಳೇದಾಯ್ತು ಎಂದು ಕೆಂಪು ತೆಗೆದು ಹಸಿರು ಮಾಡಿದೆವು. ಮೀಟಿಂಗ್‌ನಲ್ಲಿ ಎಲ್ಲರಿಗೂ ಖುಷಿ. ತಿಂಗಳಾದ ಮೇಲೆ ರಾಣೆಬೆನ್ನೂರಿನ ಒಂದು ಅಂಗಡಿಯಲ್ಲಿ ನಿಂತಿದ್ದೆ. ಒಬ್ಬ ಅಜ್ಜಿ ಹೊಸ ಪ್ಯಾಕೆಟ್ ಹಿಂದೆ ಮುಂದೆ ತಿರುಗಿಸಿದರು, ಮೂಸಿದರು, ಕಟ್ಟೆಯ ಮೇಲಿಟ್ಟು ತಳ್ಳಿದರು. ‘ಇದು ಡೂಪ್ಲಿಕೇಟ್ ಐತಿ ತಮ್ಮಾ, ಕೆಂಪು ಪಾಕೀಟು ಕೊಡು.’ ಅವರಿಗೆ ಓದಲು ಬರುತ್ತಿರಲಿಲ್ಲ. ಕೆಂಪೇ ನಮ್ಮ ಹೆಸರಾಗಿತ್ತು. ಅದನ್ನು ನಾವೇ ಅಳಿಸಿದ್ದೆವು. ಅವತ್ತಿನಿಂದ ಅಂಗಡಿಕಟ್ಟೆ ನೋಡದೆ ಜಾಹೀರಾತಿನ ಬಗ್ಗೆ ಮಾತಾಡುವವರನ್ನು ನಾನು ನಂಬುವುದಿಲ್ಲ. ಈ ಅಂಕಣದಲ್ಲಿ ಇದನ್ನು ಮೊದಲೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ.

ಡಿಜಿಟಲ್ ಕಲಿತಿದ್ದು ಹಾಳಾಗುತ್ತದಾ ಎಂದು ಕೇಳಿದ್ದೀರಿ. ಯಾಕೆ ಹಾಳಾಗುತ್ತದೆ? ನಿಮ್ಮೂರಿನ ಮಂಡಕ್ಕಿ ಬೆಂಗಳೂರಿನಲ್ಲಿ ಕಡ್ಲೆಪುರಿ, ಹುಬ್ಬಳ್ಳಿಯಲ್ಲಿ ಚುರಮುರಿ. ಹಿಂದಿಯಲ್ಲಿ ಬರೆದ ಜಾಹೀರಾತನ್ನು ಕನ್ನಡಕ್ಕೆ ತಿರುಗಿಸಿ ಮೂರೂ ಕಡೆ ಒಂದೇ ಹಾಕುವವರಿಗೆ ಇದು ಗೊತ್ತಿರುವುದಿಲ್ಲ. ಅಂಗಡಿಯವನ ಉದ್ರಿ ಲೆಕ್ಕವನ್ನೂ ಆನ್‌ಲೈನ್ ಲೆಕ್ಕವನ್ನೂ ಬಲ್ಲವರು ಎಷ್ಟು ಜನ ಇದ್ದಾರೆ ಹೇಳಿ.

ಅಮ್ಮನದು ಬೇರೆ. ಅವರಿಗೆ ಹೆದರಿಕೆ, ಅಷ್ಟೇ. ‘ಮಸಾಲೆ ಕಂಪನಿಯಲ್ಲಿ ಬ್ರ್ಯಾಂಡ್ ಕೆಲಸ’ ಎಂದು ಹೇಳಲಿ, ಸುಳ್ಳೇನಲ್ಲ. ರೂಮ್‌ಮೇಟ್ ಮಾತು ಬಿಡಿ, ಬಾಡಿಗೆಗೆ ಜೊತೆ ತಪ್ಪುತ್ತದೆ ಅನ್ನೋ ಚಿಂತೆಯೂ ಇರಬಹುದು.

ಆದರೆ ಕಂಪನಿಯವರನ್ನೂ ನಾನು ಕಣ್ಣುಮುಚ್ಚಿ ನಂಬುವುದಿಲ್ಲ. ಆರು ತಿಂಗಳ ನಂತರ ಬ್ರ್ಯಾಂಡ್ ಕೆಲಸ ಎಂದು ಬಾಯಲ್ಲಿ ಹೇಳಿದ್ದಾರೆ. ಅದು ಆಫರ್ ಲೆಟರ್‌ನಲ್ಲಿ ಬರಬೇಕು. ಓಡಾಟದ ಭತ್ಯೆಯೂ ಬರಬೇಕು. (ಮದುವೆ ಮಾತುಕತೆಗೂ ಕಾಗದ ಪೆನ್ನು ತಗೊಂಡು ಹೋಗಿ ಅನ್ನುವವಳು ನಾನು.) ಇನ್ನೊಂದು, ಬೀಟ್‌ಗೆ, ಅಂದರೆ ಸೇಲ್ಸ್‌ನವರ ದಿನದ ಅಂಗಡಿ ಸುತ್ತಾಟಕ್ಕೆ, ಹೋದ ಹೆಣ್ಣುಮಕ್ಕಳಿಗೆ ದಿನವಿಡೀ ಟಾಯ್ಲೆಟ್ ಎಲ್ಲಿ? ಸಂಜೆ ತಡವಾದರೆ ವಾಪಸ್ ಹೇಗೆ? ಮಾವ ಇದನ್ನು ಕೇಳಿದ್ದರೆ ಅವರಿಗೊಂದು ನಮಸ್ಕಾರ ಹಾಕುತ್ತಿದ್ದೆ. ಅವರು ಕೇಳಿದ್ದು ಡೆಸಿಗ್ನೇಷನ್.

ಇನ್ನು ನೀವು ಮಾಡಬೇಕಾದ್ದು ಒಂದೇ ಕೆಲಸ. ಸಹಿ ಹಾಕುವ ಮೊದಲು ಒಂದು ದಿನ ನಿಮ್ಮ ಸೇಲ್ಸ್‌ನವರ ಜೊತೆ ಬೀಟ್‌ಗೆ ಬರುತ್ತೇನೆ ಎಂದು ಕಂಪನಿಗೆ ಫೋನ್ ಮಾಡಿ. ಬೆಳಗ್ಗೆ ಗೋಡೌನ್‌ನಲ್ಲಿ ಮಾಲು ತುಂಬುವುದರಿಂದ ಹಿಡಿದು ಸಂಜೆ ಕಲೆಕ್ಷನ್ ಎಣಿಸುವವರೆಗೂ ಜೊತೆಗಿರಿ. ಒಪ್ಪದಿದ್ದರೆ ಆ ಕೆಲಸ ಬೇಡ.

ಒಪ್ಪಿದರೆ, ದುರ್ಗದ ಬೈಲಿನ ಬೀಟನ್ನೇ ಕೇಳಿ. 10 ರೂಪಾಯಿ ಪ್ಯಾಕೆಟ್ ಖಾಲಿಯಾಗಿದ್ದ ಆ ಅಂಗಡಿಗೆ ಹೋಗಿ ನೋಡಿ. ನೀವು ಹೇಳಿ ಇಷ್ಟು ದಿನ ಆದ ಮೇಲೂ ಬಂದಿಲ್ಲವೆಂದರೆ, ನಾಳೆ ನಿಮ್ಮ ಮಾತನ್ನೂ ಅವರು ಕೇಳುವುದಿಲ್ಲ. ಅದೇ ರಾತ್ರಿ ಬೆಂಗಳೂರು ಬಸ್ ಹತ್ತಿ.

ಬಂದಿದ್ದರೆ ಎರಡು ಪ್ಯಾಕೆಟ್ ಕೊಳ್ಳಿ. ಒಂದು ಅಮ್ಮನಿಗೆ, ಒಂದು ಮಾವನಿಗೆ.