ಹೆಡ್ ಮಾಡಿದರೆ ಮರೆವು ಬರುತ್ತಾ?

ಪ್ರಶ್ನೆ: ಡಾಕ್ಟ್ರೇ, ಮೊಮ್ಮಗನಿಗೆ ಹತ್ತು ವರ್ಷ. ದಿನಾ ಸಂಜೆ ಹೈಸ್ಕೂಲ್ ಮೈದಾನದಲ್ಲಿ ಫುಟ್‌ಬಾಲ್. ಚೆಂಡನ್ನ ತಲೇಲಿ ಹೊಡೆದು, ಅಂದ್ರೆ ಹೆಡ್ ಮಾಡಿ ಮಾಡಿ ಹಣೆ ಕೆಂಪಗಿರುತ್ತೆ. ಮುಂದೆ ಅರಳುಮರಳಾಗುತ್ತಾ?
– ಒಬ್ಬ ಅಜ್ಜಿ, ದಾವಣಗೆರೆ

ಉತ್ತರ: ಆಟ ಬಿಡಿಸಬೇಡಿ ಅಜ್ಜಿ, ಹೆಡ್ ಮಾಡೋದನ್ನ ಬಿಡಿಸಿ. ನಾನೂ ಕಾಲೇಜಲ್ಲಿ ಡಿಫೆಂಡರ್, ಅಂದ್ರೆ ಎದುರಾಳಿ ಗೋಲ್ ಹೊಡೆಯದಂತೆ ತಡೆಯುವ ಆಟಗಾರ. ಮಳೇಲಿ ನೆನೆದ ಚೆಂಡು ಹಣೆಗೆ ಬಡಿದರೆ ಕಣ್ಣು ಕತ್ತಲಿಡ್ತಿತ್ತು. ಗ್ಲಾಸ್ಗೋ ಸಂಶೋಧಕರು ಸ್ಕಾಟ್ಲೆಂಡಿನ 7,676 ಮಾಜಿ ವೃತ್ತಿಪರ ಆಟಗಾರರ ದಾಖಲೆ ತೆಗೆದು ನೋಡಿದರು (2019). ಮರೆವಿನ ಕಾಯಿಲೆಯಂಥ ಮಿದುಳು ಸವೆಯುವ ಕಾಯಿಲೆಗಳಿಂದಾದ ಸಾವು ಇವರಲ್ಲಿ ಸಾಮಾನ್ಯ ಜನರ ಸುಮಾರು ಮೂರೂವರೆ ಪಟ್ಟು. ಅವರದೇ 2021ರ ಅಧ್ಯಯನದಲ್ಲಿ, ಹೆಡ್ ಮಾಡೋದು ಅಪರೂಪವಾದ ಗೋಲ್‌ಕೀಪರ್‌ಗಳಿಗೆ ಅಷ್ಟಿಲ್ಲ, ಡಿಫೆಂಡರ್‌ಗಳಿಗೇ ಹೆಚ್ಚು. ಹೆಡಿಂಗ್ ಮೇಲಿನ ಅನುಮಾನ ಬಲವಾದದ್ದು ಅದಕ್ಕೇ. ಅವರು ವರ್ಷಗಟ್ಟಲೆ ಅದೇ ಕಸುಬು ಮಾಡಿದವರು, ನಿಮ್ಮ ಹುಡುಗನಿಗೆ ಆ ಲೆಕ್ಕ ಹಾಕಬೇಡಿ. ಆದರೂ ಸ್ಕಾಟ್ಲೆಂಡಿನಲ್ಲಿ 2020ರಿಂದ 12 ವರ್ಷದೊಳಗಿನ ಮಕ್ಕಳಿಗೆ ತರಬೇತಿಯಲ್ಲಿ ಹೆಡಿಂಗ್ ಇಲ್ಲ. ತಲೆಗೆ ಪೆಟ್ಟಾಗಿ ವಾಂತಿ, ಮಂಪರು ಬಂದರೆ ಅರಿಶಿನ ಹಚ್ಚಿ ಮಲಗಿಸಬೇಡಿ, ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಬನ್ನಿ.