ಮಂಡಕಳ್ಳಿಯಿಂದ ಚೆನ್ನೈ ಎಷ್ಟು ದೂರ?

ಪ್ರಶ್ನೆ: ಮೈಸೂರು ಮತ್ತು ಚೆನ್ನೈ ವಿಮಾನ ನಿಲ್ದಾಣಗಳ ನಡುವಿನ ವಾಯುಮಾರ್ಗದ ದೂರ ಎಷ್ಟು? ಅಷ್ಟಕ್ಕೆ ಟಿಕೆಟ್ಟಿನಲ್ಲಿ ಒಂದು ಗಂಟೆಗೂ ಹೆಚ್ಚು ಸಮಯ ತೋರಿಸುವುದೇಕೆ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ನೇರ ರೇಖೆಯಲ್ಲಿ ಸುಮಾರು 390 ಕಿ.ಮೀ. ಮೈಸೂರು ವಿಮಾನ ನಿಲ್ದಾಣವಿರುವ ಮಂಡಕಳ್ಳಿಯ ರನ್‌ವೇ ಸುಮಾರು 1,740 ಮೀಟರ್ ಮಾತ್ರ ಇರುವುದರಿಂದ ಇಲ್ಲಿಗೆ ಹೊಂದುವುದು ಗಂಟೆಗೆ ಸುಮಾರು 500 ಕಿ.ಮೀ. ವೇಗದ ಎಟಿಆರ್‌ನಂತಹ ಪ್ರೊಪೆಲ್ಲರ್ ವಿಮಾನ. ಆ ಲೆಕ್ಕದಲ್ಲಿ 47 ನಿಮಿಷ ಸಾಕೆನಿಸುತ್ತದೆ. ಆದರೆ ಮೇಲೇರುವಾಗಲೂ ಇಳಿಯುವಾಗಲೂ ವೇಗ ಕಡಿಮೆ ಇರುತ್ತದೆ, ಮಾರ್ಗವೂ ನೇರವಾಗಿರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಟಿಕೆಟ್ಟಿನ ಸಮಯವು ವಿಮಾನವು ನಿಂತ ಜಾಗದಿಂದ ಕದಲಿದ ಕ್ಷಣದಿಂದ ಚೆನ್ನೈಯಲ್ಲಿ ಇಳಿದು, ನೆಲದ ಮೇಲೆ ಸಾಗಿ, ತನ್ನ ಸ್ಥಳದಲ್ಲಿ ನಿಲ್ಲುವವರೆಗಿನ ಒಟ್ಟು ಅವಧಿಯಾಗಿದ್ದು, ದಟ್ಟಣೆಯಿಂದಾಗುವ ಕಾಯುವಿಕೆಗೂ ಅದರಲ್ಲಿ ಅವಕಾಶವಿರುತ್ತದೆ. ಶ್ರೀರಂಗಪಟ್ಟಣದಿಂದ ಮಂಡಕಳ್ಳಿ ತಲುಪುವ ಸಮಯವನ್ನು ಮಾತ್ರ ನೀವೇ ಸೇರಿಸಿಕೊಳ್ಳಬೇಕು!